ಆಯುಧದ ಎಫೆಕ್ಟ್ ಮತ್ತು ಸ್ಕಿಲ್ ಕಚ್ಚಾಡುತ್ತಿವೆಯಾ? ದೋಷ ಹುಡುಕುವ ದಾರಿ

ಹೊಸ ಕತ್ತಿ ಸಿಕ್ಕಿದೆ. ಹೊಡೆದರೆ ಮಿಂಚು ಬೀಳುತ್ತದೆ ಅಂತ ಅದರ ವಿವರಣೆಯಲ್ಲೇ ಬರೆದಿದೆ. ಎಷ್ಟು ಹೊಡೆದರೂ ಮಿಂಚಿಲ್ಲ. ಇಲ್ಲವೇ ಮಿಂಚು ಬೀಳುತ್ತದೆ, ಆದರೆ ಅದು ಬಿದ್ದಾಗಲೆಲ್ಲ ನೀವು ಹಚ್ಚಿದ್ದ ವಿಷ ಮಾಯ. ಗೇಮ್‌ನಲ್ಲಿ ಬಗ್ ಇದೆ ಅಂತ ಅನ್ನಿಸುವುದು ಸಹಜ. ಇದ್ದರೂ ಇರಬಹುದು. ಆದರೆ ಆನ್‌ಲೈನ್ ಆರ್‌ಪಿಜಿಗಳಲ್ಲಿ (ಒಂದು ಪಾತ್ರವನ್ನು ಬೆಳೆಸುತ್ತಾ ಆಡುವ ಆಟಗಳಲ್ಲಿ) ಇಂಥ ತೊಂದರೆಗೆ ಹೆಚ್ಚಾಗಿ ಕಾರಣ ಒಂದೇ: ಆಯುಧದ ಎಫೆಕ್ಟ್ ಮತ್ತು ನಿಮ್ಮ ಸ್ಕಿಲ್ ಎರಡೂ ಒಂದೇ ಜಾಗಕ್ಕೋ, ಒಂದೇ ಟೈಮರ್‌ಗೋ, ಒಂದೇ ಹೊಡೆತಕ್ಕೋ ಕೈ ಹಾಕುತ್ತಿರುತ್ತವೆ. ಯಾವುದಕ್ಕೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಶುರು ಮಾಡುವ ಮುಂಚೆ ಒಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆಯುಧ, ಸ್ಕಿಲ್, ಟ್ಯಾಲೆಂಟ್ ಮೂರನ್ನೂ ಒಟ್ಟಿಗೆ ಬದಲಿಸಿ ತೊಂದರೆ ಹೋಯಿತು ಅಂದರೆ ಯಾವುದರಿಂದ ಹೋಯಿತು ಅಂತ ಹೇಳೋದು ಹೇಗೆ? ಮುಂದಿನ ಪ್ಯಾಚ್‌ನಲ್ಲಿ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಲಕ್ಷಣ: ಎಫೆಕ್ಟ್ ಒಂದು ಸಲವೂ ಬರುತ್ತಿಲ್ಲ

ಪೂರ್ತಿ ಸೊನ್ನೆ ಅಂದರೆ ಒಳ್ಳೆಯ ಸುದ್ದಿ. ಹುಡುಕುವುದು ಸುಲಭ, ಕಾಸೂ ಖರ್ಚಾಗುವುದಿಲ್ಲ.

ಮೊದಲು ಆಯುಧ ಮುರಿದಿದೆಯಾ ನೋಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳಲ್ಲಿ ಬಾಳಿಕೆ ಸೊನ್ನೆಗೆ ಬಂದ ಆಯುಧ ಕೈಯಲ್ಲಿ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್‌ನಲ್ಲಿ ಆಯುಧಕ್ಕೆ ಹಾಕಿದ ಮಾಂತ್ರಿಕ ಗುಣಕ್ಕೆ, ಅಂದರೆ ಎನ್‌ಚಾಂಟ್‌ಗೆ, ಚಾರ್ಜ್ ಇರುತ್ತದೆ. ಅದು ಖಾಲಿಯಾದರೆ ಸೋಲ್ ಜೆಮ್ ಹಾಕಿ ತುಂಬಿಸಬೇಕು. ಈ ಒಂದು ಬಾರ್ ನೋಡದೆ ಇಡೀ ಬಿಲ್ಡ್ (ಪಾತ್ರದ ಆಯುಧ, ಸ್ಕಿಲ್‌ಗಳ ಜೋಡಣೆ) ಬದಲಿಸಲು ಹೊರಡುವವರು ಕಡಿಮೆ ಏನಿಲ್ಲ.

ಎರಡನೆಯದು, ಸರಿಯಾದ ಆಯುಧ ಕೈಯಲ್ಲಿದೆಯಾ? ಪಾತ್ ಆಫ್ ಎಕ್ಸೈಲ್‌ನಲ್ಲಿ ಎರಡು ಜೋಡಿ ಆಯುಧ ಇಟ್ಟುಕೊಳ್ಳಬಹುದು, ಒಂದು ಕೀ ತಪ್ಪಾಗಿ ಒತ್ತಿದರೆ ಇನ್ನೊಂದು ಜೋಡಿಗೆ ಹೋಗಿಬಿಡುತ್ತದೆ. ಎಲ್ಡರ್ ಸ್ಕ್ರಾಲ್ಸ್‌ನಲ್ಲೂ ಎರಡು ಸ್ಕಿಲ್ ಬಾರ್ ಇವೆ, ಮುಂದಿನದು ಮತ್ತು ಹಿಂದಿನದು, ಒಂದೊಂದಕ್ಕೂ ಅದರದೇ ಆಯುಧ. ಐದು ಪೀಸ್ ತೊಟ್ಟರೆ ಬೋನಸ್ ಕೊಡುವ ಸೆಟ್‌ನ ಐದನೇ ಪೀಸ್ ಮುಂದಿನ ಬಾರ್‌ನ ಆಯುಧವೇ ಆಗಿದ್ದರೆ, ಹಿಂದಿನ ಬಾರ್‌ಗೆ ಹೋದ ಕ್ಷಣ ಆ ಬೋನಸ್ ಹೋಗುತ್ತದೆ. ನೀವು ಬಳಸುವ ಸ್ಕಿಲ್ ಹಿಂದಿನ ಬಾರ್‌ನಲ್ಲಿದ್ದರೆ ಆ ಸೆಟ್ ಆ ಸ್ಕಿಲ್‌ಗೆ ಸಿಗುವುದೇ ಇಲ್ಲ.

ಮೂರನೆಯದು, ನೀವು ಇರುವ ಜಾಗ ಮತ್ತು ನಿಮ್ಮ ಲೆವೆಲ್. ಗಿಲ್ಡ್ ವಾರ್ಸ್ 2ರ ಸ್ಟ್ರಕ್ಚರ್ಡ್ ಪಿವಿಪಿಯಲ್ಲಿ (ಆಟಗಾರರು ಪರಸ್ಪರ ಕಾದಾಡುವ ಪಂದ್ಯದಲ್ಲಿ) ನಿಮ್ಮ ಮಾಮೂಲಿ ಆಯುಧಕ್ಕೆ ಕೂರಿಸಿದ ಎಫೆಕ್ಟ್‌ಗಳಿಗೆ, ಅಂದರೆ ಸಿಗಿಲ್‌ಗಳಿಗೆ, ಬೆಲೆಯೇ ಇಲ್ಲ, ಅಲ್ಲಿ ಬೇರೆ ಬಿಲ್ಡ್ ಆರಿಸಬೇಕು. ಅದೇ ಆಟದಲ್ಲಿ ಆಯುಧ ಬದಲಿಸಿದಾಗ ಹತ್ತುವ ಸಿಗಿಲ್‌ಗಳು ಕಾಳಗದಲ್ಲಿದ್ದಾಗ ಮಾತ್ರ ಹತ್ತುತ್ತವೆ. ಹಾಗಾಗಿ ಊರೊಳಗೆ ನಿಂತು ಆಯುಧ ಬದಲಿಸಿ ನೋಡಿದರೆ ಏನೂ ಆಗುವುದಿಲ್ಲ. ವಾರ್‌ಕ್ರಾಫ್ಟ್‌ನ ಹಳೆಯ ಕ್ರುಸೇಡರ್ ಎನ್‌ಚಾಂಟ್ 60ನೇ ಲೆವೆಲ್ ದಾಟಿದವರಿಗೆ ಕಡಿಮೆ ಫಲ ಕೊಡುತ್ತದೆ, ಅದನ್ನು ಅದರ ವಿವರಣೆಯಲ್ಲೇ ಬರೆದಿದ್ದಾರೆ. ಯಾರೂ ಓದುವುದಿಲ್ಲ, ಅಷ್ಟೇ.

ಇನ್ನೊಂದು ಸಾಧ್ಯತೆ: ಶತ್ರುವಿಗೆ ಅದು ತಟ್ಟುವುದೇ ಇಲ್ಲ. ವಾರ್‌ಕ್ರಾಫ್ಟ್‌ನ ಮೋಲ್ಟನ್ ಕೋರ್‌ಗೆ ಬೆಂಕಿ ಎನ್‌ಚಾಂಟ್ ಹಾಕಿದ ಕತ್ತಿ ಹಿಡಿದುಕೊಂಡು ಹೋದರೆ ಅಲ್ಲಿನ ಬಾಸ್ ರಾಗ್ನರೋಸ್ ಮುಂದೆ ಅದು ಸುಮ್ನೆ ಅಲಂಕಾರ. ಬೆಂಕಿ ಅವನಿಗೆ ತಾಗುವುದಿಲ್ಲ. ಬೇರೆ ಜಾತಿಯ ಶತ್ರುವಿನ ಮೇಲೆ ಹೊಡೆದು ನೋಡಿ. ಅಲ್ಲಿ ಬಂದರೆ ಆಯುಧದಲ್ಲಿ ದೋಷವಿಲ್ಲ.

ಲಕ್ಷಣ: ಸಾದಾ ಹೊಡೆತಕ್ಕೆ ಬರುತ್ತದೆ, ಸ್ಕಿಲ್ ಬಳಸಿದರೆ ಬರುವುದಿಲ್ಲ

ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಉತ್ತರ ಮಾತ್ರ ಸಾಮಾನ್ಯವಾಗಿ ವಿವರಣೆಯ ಒಂದೇ ಪದದಲ್ಲಿ ಇರುತ್ತದೆ. ಹೊಡೆದಾಗ, ಅಟ್ಯಾಕ್ ಮಾಡಿದಾಗ, ಸ್ಪೆಲ್ ಹಾಕಿದಾಗ, ಕ್ರಿಟ್ ಆದಾಗ (ಹೊಡೆತ ಮಾಮೂಲಿಗಿಂತ ಜೋರಾಗಿ ಬಿದ್ದಾಗ), ಕೊಂದಾಗ ಅನ್ನುವುದು ನಮಗೆ ಹೆಚ್ಚು ಕಡಿಮೆ ಒಂದೇ. ಆಟಕ್ಕೆ ಅವು ಐದು ಬೇರೆ ಬೇರೆ ಘಟನೆಗಳು.

ಪಾತ್ ಆಫ್ ಎಕ್ಸೈಲ್ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಅಟ್ಯಾಕ್ ಬೇರೆ, ಸ್ಪೆಲ್ ಬೇರೆ. ಕೊಡಲಿಯ ಮೇಲೆ ಎಷ್ಟೇ ದೊಡ್ಡ ಫಿಸಿಕಲ್ ಡ್ಯಾಮೇಜ್ ಬರೆದಿರಲಿ, ಅದು ಆ ಕೊಡಲಿಯ ಅಟ್ಯಾಕ್‌ಗೆ ಮಾತ್ರ ಸೇರುತ್ತದೆ. ಕೈಯಲ್ಲಿ ಕೊಡಲಿ ಹಿಡಿದು ಬೆಂಕಿಯುಂಡೆ ಎಸೆದರೆ ಆ ಉಂಡೆಗೆ ಕೊಡಲಿಯ ಬಲ ಬರುವುದಿಲ್ಲ. ಎಲ್ಡರ್ ಸ್ಕ್ರಾಲ್ಸ್‌ನಲ್ಲಿ ಆಯುಧದ ಎನ್‌ಚಾಂಟ್ ಹತ್ತುವುದು ಲೈಟ್ ಅಟ್ಯಾಕ್, ಹೆವಿ ಅಟ್ಯಾಕ್ ಮತ್ತು ಆಯುಧದ ಸ್ಕಿಲ್‌ಗಳಿಂದ. ಕ್ಲಾಸ್ (ಪಾತ್ರದ ವರ್ಗ) ಕೊಡುವ ಸ್ಕಿಲ್‌ಗಳನ್ನೇ ಒತ್ತುತ್ತಾ ಕೂತರೆ ಎನ್‌ಚಾಂಟ್ ಮಲಗೇ ಇರುತ್ತದೆ. ಮಧ್ಯೆ ಮಧ್ಯೆ ಒಂದು ಲೈಟ್ ಅಟ್ಯಾಕ್ ಸೇರಿಸಿ ನೋಡಿ. ಎಷ್ಟೋ ಸಲ ಪರಿಹಾರ ಅಷ್ಟೇ.

ವಿಷ, ಬೆಂಕಿ, ರಕ್ತಸ್ರಾವದಂತೆ ನಿಧಾನವಾಗಿ ಕೊಲ್ಲುವ ಡ್ಯಾಮೇಜ್ ಇನ್ನೊಂದು ಗುಂಪು. ಅದರ ಪ್ರತಿ ಟಿಕ್ ಅನ್ನೂ (ಪ್ರತಿ ಕಂತನ್ನೂ) ಹೆಚ್ಚಿನ ಆಟಗಳು ಹೊಡೆತ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಸ್ಕಿಲ್‌ನ ಬಲವೆಲ್ಲ ಟಿಕ್‌ಗಳಲ್ಲಿದ್ದರೆ 'ಹೊಡೆದಾಗ 10% ಸಾಧ್ಯತೆ' ಅನ್ನುವ ಆಯುಧ ನಿಮಗೆ ಹೊಂದುವುದಿಲ್ಲ. ಇದು ಕೆಟ್ಟ ಜೋಡಿ, ದೋಷ ಅಂತ ಹೇಳಲಾಗುವುದಿಲ್ಲ.

ಇನ್ನು ಗುಣಾಕಾರದ ವಿಷಯ. ಡಯಾಬ್ಲೊ 4ರಲ್ಲಿ ಲಕ್ಕಿ ಹಿಟ್ ಅಂತ ಇದೆ. ಸ್ಕಿಲ್‌ಗೆ ಅದರದೇ ಶೇಕಡಾ, ಆಯುಧದ ಎಫೆಕ್ಟ್‌ಗೆ ಅದರದೇ ಶೇಕಡಾ. ಎರಡನ್ನೂ ಗುಣಿಸಬೇಕು. ಸ್ಕಿಲ್‌ನದು 40%, ಆಯುಧದ್ದು 15% ಅಂದರೆ ಸಿಗುವುದು 6% ಮಾತ್ರ. 15% ಬರಬೇಕು ಅಂತ ಕಾಯುವವನಿಗೆ ಆಯುಧ ಕೆಟ್ಟಿದೆ ಅನ್ನಿಸದೆ ಇನ್ನೇನು? 2012ರ ಡಯಾಬ್ಲೊ 3ರಲ್ಲೂ ಪ್ರತಿ ಸ್ಕಿಲ್‌ಗೂ ಪ್ರಾಕ್ ಕೋಎಫಿಶಿಯೆಂಟ್ ಅಂತ ಒಂದು ಅಂಕಿ ಇತ್ತು (ಪ್ರಾಕ್ ಅಂದರೆ ಎಫೆಕ್ಟ್ ಹತ್ತುವುದು). ಒಂದೇ ಸಲಕ್ಕೆ ಹತ್ತಾರು ಶತ್ರುಗಳನ್ನು ತಾಗುವ, ಬೇಗ ಬೇಗ ಹೊಡೆಯುವ ಸ್ಕಿಲ್‌ಗಳಿಗೆ ಈ ಅಂಕಿ ಸಾಮಾನ್ಯವಾಗಿ ಸಣ್ಣದು. ಇಲ್ಲದಿದ್ದರೆ ಪರದೆ ತುಂಬಾ ಬರೀ ಪ್ರಾಕ್‌ಗಳೇ ಇರುತ್ತಿದ್ದವು.

ಲಕ್ಷಣ: ಒಮ್ಮೊಮ್ಮೆ ಬರುತ್ತದೆ, ಅದೂ ನಂಬುವ ಹಾಗಿಲ್ಲ

ಮೊದಲು ಲೆಕ್ಕ ಹಾಕಿ. 5% ಸಾಧ್ಯತೆ ಇರುವ ಎಫೆಕ್ಟ್ 20 ಹೊಡೆತಗಳಲ್ಲಿ ಒಮ್ಮೆಯೂ ಬರದೆ ಇರುವ ಸಾಧ್ಯತೆ ಸುಮಾರು 36%. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಹೀಗಾಗುತ್ತದೆ. 60 ಹೊಡೆತಗಳಾದರೂ ಬರಲಿಲ್ಲ ಅಂದರೆ ಆ ಸಾಧ್ಯತೆ 5%ಗಿಂತ ಕೆಳಗೆ ಇಳಿಯುತ್ತದೆ, ಆಗ ಅನುಮಾನ ಪಡಬಹುದು. ಸುಲಭದ ಲೆಕ್ಕ ಹೀಗಿದೆ: 300ನ್ನು ಶೇಕಡಾ ಅಂಕಿಯಿಂದ ಭಾಗಿಸಿ, ಕನಿಷ್ಠ ಅಷ್ಟು ಹೊಡೆತ ಹೊಡೆಯಿರಿ. 10% ಇದ್ದರೆ 30, ಮೇಲಿನ 6%ಕ್ಕೆ 50. ಅದಕ್ಕಿಂತ ಕಡಿಮೆ ಹೊಡೆದು ತೀರ್ಪು ಕೊಡಬೇಡಿ.

ಸಾಕಷ್ಟು ಹೊಡೆದ ಮೇಲೂ ಕಡಿಮೆ ಅನ್ನಿಸಿದರೆ ಒಳಗಿನ ಕೂಲ್‌ಡೌನ್ (ಒಮ್ಮೆ ಬಂದ ಮೇಲೆ ಮತ್ತೆ ಬರಲು ಕಾಯಬೇಕಾದ ಸಮಯ) ಹುಡುಕಿ. ಇದನ್ನು ಎಷ್ಟೋ ಆಟಗಳು ವಿವರಣೆಯಲ್ಲಿ ಬರೆಯುವುದೇ ಇಲ್ಲ. ವಾರ್‌ಕ್ರಾಫ್ಟ್‌ನ ರಾತ್ ಆಫ್ ದಿ ಲಿಚ್ ಕಿಂಗ್ ಕಾಲದ ಬಹಳಷ್ಟು ಟ್ರಿಂಕೆಟ್‌ಗಳು (ಎಫೆಕ್ಟ್ ಕೊಡುವ ಸಣ್ಣ ತೊಡುಗೆಗಳು) ಒಮ್ಮೆ ಹತ್ತಿದ ಮೇಲೆ 45 ಸೆಕೆಂಡ್ ಸುಮ್ಮನಿರುತ್ತಿದ್ದವು. ಗುರುತಿಸುವುದು ಹೇಗೆ? ಎಫೆಕ್ಟ್ ಬಂದ ಸಮಯಗಳನ್ನು ಬರೆದುಕೊಳ್ಳಿ. ಎರಡರ ನಡುವಿನ ಅತಿ ಕಡಿಮೆ ಅಂತರ ಯಾವಾಗಲೂ ಒಂದು ಗಡಿಗಿಂತ ಕೆಳಗೆ ಇಳಿಯದಿದ್ದರೆ ಆ ಗಡಿಯೇ ಕೂಲ್‌ಡೌನ್. ಎರಡು ಕೈಯಲ್ಲೂ ಒಂದೇ ಎಫೆಕ್ಟ್ ಇರುವ ಆಯುಧ ಹಿಡಿದವರು ಇದನ್ನು ಖಂಡಿತ ನೋಡಬೇಕು. ಕೆಲವು ಆಟಗಳಲ್ಲಿ ಎರಡಕ್ಕೂ ಒಂದೇ ಟೈಮರ್ ಇರುತ್ತದೆ, ಎರಡನೆಯದಕ್ಕೆ ಹಾಕಿದ ದುಡ್ಡು ದಂಡ. ಹಳೆಯ ವಾರ್‌ಕ್ರಾಫ್ಟ್‌ನಲ್ಲಿ ಎರಡು ಕ್ರುಸೇಡರ್‌ಗಳು ಒಂದರ ಮೇಲೊಂದು ಸೇರುತ್ತಿದ್ದವು. ಆಟದಿಂದ ಆಟಕ್ಕೆ ಬೇರೆ, ಊಹೆ ಮಾಡಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ವೇಗದ ಆಯುಧ ಹಿಡಿದರೆ ಪ್ರಾಕ್ ಜಾಸ್ತಿ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಮಿಷಕ್ಕೆ ಇಷ್ಟು ಅಂತ ಲೆಕ್ಕ ಇಟ್ಟಿರುವ ಎಫೆಕ್ಟ್‌ಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪ್ರತಿ ಹೊಡೆತದ ಸಾಧ್ಯತೆ ಆಯುಧದ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ನಿಮಿಷಕ್ಕೆ ಒಂದು ಅಂತ ಇದ್ದರೆ 3.6 ಸೆಕೆಂಡಿನ ಕೊಡಲಿಗೆ ಹೊಡೆತಕ್ಕೆ 6%, 1.5 ಸೆಕೆಂಡಿನ ಚಾಕುವಿಗೆ 2.5%. ಸಾದಾ ಹೊಡೆತಗಳಲ್ಲಿ ಎರಡೂ ಒಂದೇ. ಆದರೆ ತಕ್ಷಣ ಹೊಡೆಯುವ ಸ್ಕಿಲ್ ಒತ್ತಿದಾಗ ಅದೇ ಶೇಕಡಾ ಬಳಕೆಯಾದರೆ ನಿಧಾನದ ಆಯುಧಕ್ಕೇ ಲಾಭ, ಯಾಕೆಂದರೆ ಸ್ಕಿಲ್ ಒತ್ತುವ ವೇಗ ಆಯುಧದ ಮೇಲೆ ನಿಂತಿಲ್ಲ. ಚಾಕು ಹಿಡಿದ ಮೇಲೆ ಪ್ರಾಕ್ ಕಡಿಮೆಯಾಯಿತು ಅನ್ನುವವರ ಗೋಳು ಹೆಚ್ಚಾಗಿ ಇದೇ.

ಲಕ್ಷಣ: ಒಂದು ಬಂದರೆ ಇನ್ನೊಂದು ಹೋಗುತ್ತದೆ

ನಿಜವಾದ ಜಗಳ ಇದು. ಇಲ್ಲಿ ಸ್ವಲ್ಪ ನಿಂತು ನೋಡೋಣ.

ಒಂದು ಬೆಂಚಿನ ಮೇಲೆ ಒಬ್ಬರಿಗೇ ಜಾಗ ಇದ್ದು ಇಬ್ಬರು ಬಂದರೆ ಏನಾಗುತ್ತದೆ? ಮೊದಲು ಕೂತವನು ಏಳುವುದಿಲ್ಲ, ಇಲ್ಲವೇ ಆಮೇಲೆ ಬಂದವನು ಎಬ್ಬಿಸುತ್ತಾನೆ, ಇಲ್ಲವೇ ಬಲಶಾಲಿ ಕೂರುತ್ತಾನೆ. ಆಟಗಳೂ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡಿರುತ್ತವೆ. ನಿಮ್ಮ ಆಟದ ನಿಯಮ ಯಾವುದು ಅಂತ ಕಂಡುಹಿಡಿಯುವುದೇ ಇಲ್ಲಿನ ಕೆಲಸ.

ಆಯುಧದ ಮೇಲಿನ ಜಾಗಕ್ಕೆ ಜಗಳ ಅಂದರೆ ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ವಿಂಡ್‌ಫ್ಯೂರಿ ಟೋಟೆಮ್. ಶಾಮನ್ ಕ್ಲಾಸ್‌ನವರು ಈ ಮಾಂತ್ರಿಕ ಕಂಬವನ್ನು ನೆಟ್ಟರೆ ಪಾರ್ಟಿಯವರ ಬಲಗೈ ಆಯುಧಕ್ಕೆ ತಾತ್ಕಾಲಿಕ ಎನ್‌ಚಾಂಟ್ ಬರುತ್ತದೆ. ಆದರೆ ರೋಗ್ (ವಿಷ ಬಳಸುವ ಕ್ಲಾಸ್) ಆ ಆಯುಧಕ್ಕೆ ಮೊದಲೇ ವಿಷ ಹಚ್ಚಿದ್ದರೆ ಅಥವಾ ಯಾರಾದರೂ ಸಾಣೆಕಲ್ಲು ಉಜ್ಜಿದ್ದರೆ ವಿಂಡ್‌ಫ್ಯೂರಿ ಕೂರುವುದಿಲ್ಲ. ಪರಿಹಾರ ಸರಳ: ಬಲಗೈ ಖಾಲಿ ಬಿಡಿ, ವಿಷವನ್ನು ಎಡಗೈಗೆ ಹಚ್ಚಿ. ಎಲ್ಡರ್ ಸ್ಕ್ರಾಲ್ಸ್‌ನಲ್ಲಿ ಇದರದೇ ಇನ್ನೊಂದು ರೂಪ ಇದೆ. ಆಯುಧಕ್ಕೆ ವಿಷ ಜೋಡಿಸಿದರೆ ಆ ಆಯುಧದ ಎನ್‌ಚಾಂಟ್ ಸುಮ್ಮನಾಗುತ್ತದೆ. ವಿಷದ ಸ್ಲಾಟ್ ಖಾಲಿ ಮಾಡಿದ ಕೂಡಲೇ ಎನ್‌ಚಾಂಟ್ ವಾಪಸ್. ಯಾವಾಗಲೋ ಸಿಕ್ಕ ವಿಷವನ್ನು ಸ್ಲಾಟ್‌ಗೆ ಹಾಕಿ ಮರೆತವರು ಈಗಲೇ ಹೋಗಿ ನೋಡಿ.

ಶತ್ರುವಿನ ಮೇಲಿನ ಜಾಗಕ್ಕೆ ಜಗಳ ಇನ್ನೊಂದು ಬಗೆ. ಪಾತ್ ಆಫ್ ಎಕ್ಸೈಲ್‌ನಲ್ಲಿ ಸಾಮಾನ್ಯವಾಗಿ ಒಬ್ಬ ಶತ್ರುವಿನ ಮೇಲೆ ನಿಮ್ಮ ಒಂದೇ ಶಾಪ ನಿಲ್ಲುತ್ತದೆ. ನೀವು ಕೈಯಾರೆ ಒಂದು ಶಾಪ ಹಾಕುತ್ತೀರಿ. ಹೊಡೆದಾಗ ಬೇರೆ ಶಾಪ ತಗುಲಿಸುವ ಉಂಗುರವೋ ಗ್ಲೌಸೋ ನಿಮ್ಮ ಮೈಮೇಲಿದೆ. ಮುಂದಿನ ಹೊಡೆತಕ್ಕೇ ನಿಮ್ಮ ಶಾಪ ಅಳಿಸಿ ಅದರದು ಬರುತ್ತದೆ. ಶಾಪದ ಮಿತಿ ಹೆಚ್ಚಿಸುವ ವಸ್ತು ಹುಡುಕಬೇಕು, ಇಲ್ಲವೇ ಎರಡರಲ್ಲಿ ಒಂದನ್ನು ಬಿಡಬೇಕು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಬಲಶಾಲಿಗೆ ಜಾಗ: ವೆನಮ್ (ಇನ್ನೂ ಬಲವಾದ ವಿಷ) ಹತ್ತಿದ ಶತ್ರುವಿನ ಮೇಲೆ ಸಾಮಾನ್ಯ ವಿಷ ನಿಲ್ಲುವುದಿಲ್ಲ. 1999ರ ಎವರ್‌ಕ್ವೆಸ್ಟ್‌ನಲ್ಲಿ ಬಫ್‌ಗಳ (ಬಲ ಹೆಚ್ಚಿಸುವ ಎಫೆಕ್ಟ್‌ಗಳ) ಜಗಳ ಎಷ್ಟು ಸಾಮಾನ್ಯ ಅಂದರೆ, ಸ್ಪೆಲ್ ಹಿಡಿಯಲಿಲ್ಲ ಅಂತ ಹೇಳಲು ಆಟದಲ್ಲೇ ಒಂದು ಸಂದೇಶ ಇದೆ. ಅಷ್ಟು ನೇರವಾಗಿ ಹೇಳುವ ಆಟ ಈಗ ಅಪರೂಪ.

ಕೊನೆಯದು, ಇಡೀ ತಂಡದ ಜಾಗ. 2004ರ ಮೂಲ ವಾರ್‌ಕ್ರಾಫ್ಟ್‌ನಲ್ಲಿ ಒಬ್ಬ ಬಾಸ್ ಮೇಲೆ ಮೊದಲು 8, ಆಮೇಲೆ 16 ಡಿಬಫ್‌ಗಳಷ್ಟೇ (ಶತ್ರುವಿಗೆ ತಗಲುವ ಕೆಟ್ಟ ಎಫೆಕ್ಟ್‌ಗಳಷ್ಟೇ) ನಿಲ್ಲುತ್ತಿದ್ದವು. ಆಗಿನ ರೇಡ್‌ನಲ್ಲಿ (ದೊಡ್ಡ ತಂಡದ ದಾಳಿಯಲ್ಲಿ) 40 ಜನರವರೆಗೆ ಇರುತ್ತಿದ್ದರು. ಯಾರದೋ ಕತ್ತಿಯಿಂದ ಬಿದ್ದ ಚಿಲ್ಲರೆ ಡಿಬಫ್ ಒಂದು ಮುಖ್ಯ ಡಿಬಫ್ ಅನ್ನು ಹೊರಗೆ ತಳ್ಳುತ್ತಿತ್ತು. ಇಂಥ ಮಿತಿ ಇರುವ ಆಟದಲ್ಲಿ ಒಬ್ಬರೇ ಆಡುವಾಗ ಎಲ್ಲ ಸರಿ ಇದ್ದು, ರೇಡ್‌ಗೆ ಹೋದಾಗ ಮಾತ್ರ ನಿಮ್ಮ ಸ್ಕಿಲ್ ಮಾಯವಾಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಲಕ್ಷಣ: ಹೊಸ ಆಯುಧದ ಅಂಕಿ ದೊಡ್ಡದು, ಡ್ಯಾಮೇಜ್ ಮಾತ್ರ ಕಡಿಮೆ

ನಿಮ್ಮ ಪ್ಯಾಸಿವ್‌ಗಳನ್ನು (ಒತ್ತದೆಯೂ ಯಾವಾಗಲೂ ಕೆಲಸ ಮಾಡುವ ಗುಣಗಳನ್ನು) ಓದಿ. ಪಾತ್ ಆಫ್ ಎಕ್ಸೈಲ್‌ನ ಅವತಾರ್ ಆಫ್ ಫೈರ್ ತೆಗೆದುಕೊಂಡವರು ಬೆಂಕಿ ಬಿಟ್ಟು ಬೇರೆ ಡ್ಯಾಮೇಜ್ ಮಾಡಲಾರರು. ಹಿಮದ ಡ್ಯಾಮೇಜ್ ತುಂಬಿದ ಆಯುಧ ಹಿಡಿದರೆ ಬೆಂಕಿಯಾಗಿ ಬದಲಾಗದ ಭಾಗ ಪೂರ್ತಿ ಸೊನ್ನೆ. ರೆಸಲ್ಯೂಟ್ ಟೆಕ್ನಿಕ್ ಇದ್ದರೆ ಹೊಡೆತ ತಪ್ಪುವುದಿಲ್ಲ, ಕ್ರಿಟ್ ಕೂಡ ಆಗುವುದಿಲ್ಲ. ಕ್ರಿಟ್‌ಗಾಗಿಯೇ ಮಾಡಿದ ಆಯುಧ ಆಗ ವ್ಯರ್ಥ.

ಇನ್ನೊಂದು ಕಾರಣ ಕಣ್ಣಿಗೇ ಕಾಣುತ್ತದೆ, ಆದರೂ ಯಾರೂ ಹಿಡಿಯುವುದಿಲ್ಲ. ಆಯುಧ ಶತ್ರುವನ್ನು ಹಿಂದಕ್ಕೆ ತಳ್ಳುತ್ತದೆ ಅಥವಾ ಹೆದರಿಸಿ ಓಡಿಸುತ್ತದೆ. ನಿಮ್ಮ ಸ್ಕಿಲ್ ನೆಲದ ಮೇಲೆ ಬೆಂಕಿ ಹಚ್ಚುತ್ತದೆ. ಶತ್ರು ಬೆಂಕಿಯೊಳಗೆ ನಿಲ್ಲುವುದೇ ಇಲ್ಲ. ಟ್ಯಾಂಕ್ (ತಂಡದ ಪರವಾಗಿ ಶತ್ರುವಿನ ಹೊಡೆತ ತಿನ್ನುವವನು) ಕೈಯಲ್ಲಿ ಇಂಥ ಆಯುಧ ಇದ್ದರೆ ಇಡೀ ತಂಡದ ಡ್ಯಾಮೇಜ್ ಬೀಳುತ್ತದೆ, ಬೈಗುಳ ಮಾತ್ರ ಪಾಪ ಮಂತ್ರವಾದಿಗೆ.

ಲಕ್ಷಣ: ಮಲಗಿಸಿದ ಶತ್ರು ಎದ್ದುಬಿಡುತ್ತಾನೆ

ವಾರ್‌ಕ್ರಾಫ್ಟ್‌ನಲ್ಲಿ ನಿದ್ದೆ, ಕುರಿ ಮಾಡುವುದು, ಕುರುಡು ಮಾಡುವುದು ಇವೆಲ್ಲ ಡ್ಯಾಮೇಜ್ ಬಿದ್ದರೆ ಒಡೆಯುತ್ತವೆ. ರೋಗ್ ವಿಷ ಹಚ್ಚಿದ ಚಾಕುವಿನಿಂದ ಹೊಡೆದು, ಆಮೇಲೆ ಬ್ಲೈಂಡ್ ಹಾಕಿದರೆ ವಿಷದ ಮುಂದಿನ ಟಿಕ್‌ಗೇ ಶತ್ರುವಿಗೆ ಕಣ್ಣು ಬರುತ್ತದೆ. ಪಕ್ಕದವರಿಗೆ ಹಾರುವ, ಸುತ್ತಲೂ ಸಿಡಿಯುವ ಎಫೆಕ್ಟ್‌ಗಳೂ ಇದೇ ಕೆಲಸ ಮಾಡಬಹುದು. ಒಂದು ಸಾದಾ ಆಯುಧವನ್ನು ಬ್ಯಾಗ್‌ನಲ್ಲಿಟ್ಟು, ಇಂಥ ಕಾಳಗಕ್ಕೆ ಮಾತ್ರ ಅದನ್ನು ಹಿಡಿಯಿರಿ.

ಲಕ್ಷಣ: ಬಟನ್ ಒತ್ತಿದರೂ ಸ್ಕಿಲ್ ಹೋಗುತ್ತಿಲ್ಲ

ಇದನ್ನು ಆಯುಧದ ತಲೆಗೆ ಕಟ್ಟುವ ಮುಂಚೆ ಟೈಮರ್ ನೋಡಿ. ಗಿಲ್ಡ್ ವಾರ್ಸ್ 2ರಲ್ಲಿ ಕಾಳಗದ ನಡುವೆ ಆಯುಧ ಬದಲಿಸಿದರೆ ಹೆಚ್ಚಿನ ಕ್ಲಾಸ್‌ಗಳಿಗೆ ಮತ್ತೆ ಬದಲಿಸಲು 10 ಸೆಕೆಂಡ್ ಕಾಯಬೇಕು. ವಾರ್‌ಕ್ರಾಫ್ಟ್‌ನಲ್ಲಿ ಕಾಳಗದಲ್ಲಿ ಆಯುಧ ಬದಲಿಸಿದರೆ ಗ್ಲೋಬಲ್ ಕೂಲ್‌ಡೌನ್ (ಹೆಚ್ಚಿನ ಸ್ಕಿಲ್‌ಗಳನ್ನು ಒಟ್ಟಿಗೆ ತಡೆಯುವ ಸಣ್ಣ ಟೈಮರ್) ಹತ್ತುತ್ತದೆ. ಒಂದೇ ಮ್ಯಾಕ್ರೊದಲ್ಲಿ (ಹಲವು ಆಜ್ಞೆಗಳನ್ನು ಸೇರಿಸಿದ ಒಂದು ಬಟನ್‌ನಲ್ಲಿ) ಆಯುಧ ಬದಲಾವಣೆ ಮತ್ತು ಸ್ಕಿಲ್ ಎರಡನ್ನೂ ತುರುಕಿದರೆ ಮೊದಲ ಒತ್ತಿಗೆ ಆಯುಧ, ಎರಡನೇ ಒತ್ತಿಗೆ ಸ್ಕಿಲ್. ಕ್ಲಾಸಿಕ್‌ನ ಹೀರೋಯಿಕ್ ಸ್ಟ್ರೈಕ್ ಇನ್ನೂ ವಿಚಿತ್ರ: ಒತ್ತಿದ ತಕ್ಷಣ ಹೋಗುವುದಿಲ್ಲ, ಮುಂದಿನ ಸಾದಾ ಹೊಡೆತದ ಬದಲು ಹೋಗುತ್ತದೆ. 3.6 ಸೆಕೆಂಡಿನ ಕೊಡಲಿ ಹಿಡಿದವರಿಗೆ ಅದು ಕೆಟ್ಟುಹೋದ ಹಾಗೇ ಕಾಣುತ್ತದೆ.

ಟೈಮರ್ ಸರಿ ಇದ್ದರೆ ಎಲ್ಲ ಆಡ್‌ಆನ್ (ಆಟಕ್ಕೆ ಹೊರಗಿನಿಂದ ಸೇರಿಸಿದ ಸಣ್ಣ ಪ್ರೋಗ್ರಾಂ) ಆಫ್ ಮಾಡಿ, ಮ್ಯಾಕ್ರೊ ಬಿಟ್ಟು ಸ್ಕಿಲ್ ಅನ್ನೇ ನೇರವಾಗಿ ಒತ್ತಿ ನೋಡಿ. ಸರಿಹೋದರೆ ಆಡ್‌ಆನ್‌ಗಳನ್ನು ಅರ್ಧರ್ಧ ಆನ್ ಮಾಡುತ್ತಾ ಬನ್ನಿ, ತಪ್ಪಿತಸ್ಥ ಬೇಗ ಸಿಗುತ್ತದೆ. ನೆಟ್ ನಿಧಾನ ಇದ್ದರೂ ಹೀಗೆ ಆಗುತ್ತದೆ, ಆದರೆ ಆಗ ಎಲ್ಲ ಸ್ಕಿಲ್‌ಗಳೂ ತಡವಾಗುತ್ತವೆ. ಒಂದೇ ಸ್ಕಿಲ್ ತಡವಾದರೆ ಅದು ನೆಟ್ ತೊಂದರೆ ಆಗಿರುವುದು ಕಷ್ಟ.

ಇಷ್ಟಕ್ಕೂ ಸಿಗದಿದ್ದರೆ: ಲಾಗ್ ಓದಿ

ಪರದೆಯ ಮೇಲೆ ಹಾರುವ ಅಂಕಿಗಳನ್ನು ನಂಬಬೇಡಿ. ಗದ್ದಲದಲ್ಲಿ ಅರ್ಧ ಕಾಣುವುದೇ ಇಲ್ಲ. ವಾರ್‌ಕ್ರಾಫ್ಟ್‌ನಲ್ಲಿ ಚಾಟ್‌ನಲ್ಲಿ ಸ್ಲ್ಯಾಶ್ ಹಾಕಿ ಕಾಂಬ್ಯಾಟ್‌ಲಾಗ್ (/combatlog) ಅಂತ ಟೈಪ್ ಮಾಡಿದರೆ ಲಾಗ್ ಫೈಲ್, ಅಂದರೆ ಕಾಳಗದ ದಾಖಲೆ, ಬರೆಯಲು ಶುರುವಾಗುತ್ತದೆ. ಎಲ್ಡರ್ ಸ್ಕ್ರಾಲ್ಸ್‌ನಲ್ಲಿ ಅದೇ ಕೆಲಸಕ್ಕೆ ಎನ್‌ಕೌಂಟರ್‌ಲಾಗ್ (/encounterlog). ತರಬೇತಿ ಗೊಂಬೆಯ ಮುಂದೆ ನಿಂತು ಮೊದಲು ಸಾದಾ ಹೊಡೆತ ಮಾತ್ರ, ಆಮೇಲೆ ಸ್ಕಿಲ್ ಮಾತ್ರ, ಕೊನೆಗೆ ಎರಡೂ. ಲಾಗ್‌ನಲ್ಲಿ ಮೂರು ವಿಷಯ ಹುಡುಕಿ. ಎಫೆಕ್ಟ್‌ನ ಹೆಸರೇ ಇಲ್ಲ ಅಂದರೆ ಅದು ಹತ್ತಲೇ ಇಲ್ಲ. ಹೆಸರಿದ್ದು ಇಮ್ಯೂನ್ ಅಥವಾ ರೆಸಿಸ್ಟ್ ಅಂತ ಇದ್ದರೆ ಹತ್ತಿದೆ, ಶತ್ರು ತಡೆದಿದ್ದಾನೆ. ಒಂದೇ ಕ್ಷಣದಲ್ಲಿ ಒಂದು ಬಂದು ಇನ್ನೊಂದು ಹೋಗಿದ್ದರೆ ಜಾಗದ ಜಗಳ ಖಚಿತ.

ಗೊಂಬೆ ಸಾಮಾನ್ಯವಾಗಿ ಸಾಯುವುದಿಲ್ಲ, ಹಾಗಾಗಿ ಕೊಂದಾಗ ಬರುವ ಎಫೆಕ್ಟ್‌ಗಳನ್ನು ಅಲ್ಲಿ ಪರೀಕ್ಷಿಸಲು ಹೋಗಬೇಡಿ.

ಎಲ್ಲಿ ನಿಲ್ಲಿಸಬೇಕು, ಏನು ಮಾಡಬಾರದು

ವಾಪಸ್ ತರಲಾಗದ ಬದಲಾವಣೆ ಪರೀಕ್ಷೆಯ ಭಾಗವಲ್ಲ. ದುಬಾರಿ ಎನ್‌ಚಾಂಟ್ ಅಳಿಸಿ ಬೇರೆಯದು ಹಾಕುವುದು, ಆಯುಧ ಒಡೆದು ಸಾಮಾನು ತೆಗೆಯುವುದು, ಪಾತ್ ಆಫ್ ಎಕ್ಸೈಲ್‌ನಲ್ಲಿ ವಾಲ್ ಆರ್ಬ್ (ವಸ್ತುವನ್ನು ಊಹಿಸಲಾಗದಂತೆ ಬದಲಿಸುವ ಮಣಿ) ಹಾಕುವುದು, ಇವನ್ನೆಲ್ಲ ಕಾರಣ ಗೊತ್ತಾಗುವ ತನಕ ಮುಟ್ಟಬೇಡಿ. ಅಗ್ಗದ ಆಯುಧಕ್ಕೆ ಅದೇ ಎಫೆಕ್ಟ್ ಇದ್ದರೆ ಅದರ ಮೇಲೆ ಪ್ರಯೋಗ ಮಾಡಿ.

ಪರೀಕ್ಷಿಸಿ ಕೊಡುತ್ತೇನೆ ಅಂತ ಆಯುಧ ಕೇಳುವವರಿಗೆ ಕೊಡಬೇಡಿ. ಸಪೋರ್ಟ್‌ನವರು ಅಂತ ಹೇಳಿಕೊಂಡು ಪಾಸ್‌ವರ್ಡ್ ಕೇಳಿದರೆ ಅದು ಮೋಸ, ಬೇರೆ ಮಾತೇ ಇಲ್ಲ. ವಾರ್‌ಕ್ರಾಫ್ಟ್ ಆಡ್‌ಆನ್‌ಗಳ ಕೋಡ್ ಇರುವುದು ಲುವಾ ಮತ್ತು ಎಕ್ಸ್‌ಎಂಎಲ್‌ನಂಥ ಪಠ್ಯದ ಫೈಲ್‌ಗಳಲ್ಲಿ. ಆಡ್‌ಆನ್ ಅಂತ ಹೇಳಿ ಇಎಕ್ಸ್‌ಇ ಫೈಲ್ ಒಂದನ್ನು ಓಡಿಸಲು ಹೇಳಿದರೆ ಅಳಿಸಿಬಿಡಿ. ಹೊರಗಿನ ಟೂಲ್‌ಗಳ ಬಗ್ಗೆ ಪ್ರತಿ ಆಟದ ನಿಯಮ ಬೇರೆ. ಫೈನಲ್ ಫ್ಯಾಂಟಸಿ 14ರ ನಿಯಮದಲ್ಲಿ ಅವಕ್ಕೆ ಜಾಗವೇ ಇಲ್ಲ.

ಎರಡು ಬೇರೆ ಪಾತ್ರಗಳಲ್ಲಿ, ಆಡ್‌ಆನ್ ಇಲ್ಲದೆ, ಸಾಕಷ್ಟು ಹೊಡೆತಗಳಾದ ಮೇಲೂ ವಿವರಣೆಗೂ ಲಾಗ್‌ಗೂ ತಾಳೆಯಾಗದಿದ್ದರೆ ಅದು ಬಗ್ ಆಗಿರಬಹುದು. ಆಗ ರಿಪೋರ್ಟ್ ಹಾಕಿ. ಆಯುಧದ ಪೂರ್ತಿ ಹೆಸರು, ಸ್ಕಿಲ್, ಲೆವೆಲ್, ಶತ್ರು, ಯಾವ ಪ್ಯಾಚ್, ಲಾಗ್‌ನ ಆ ಭಾಗ, ಮತ್ತೆ ಮಾಡಿ ನೋಡುವ ಹಂತಗಳು, ಇಷ್ಟಿರಲಿ. 'ನನ್ನ ಕತ್ತಿ ಕೆಲಸ ಮಾಡ್ತಿಲ್ಲ' ಅಂತ ಒಂದು ಸಾಲು ಬರೆದರೆ ಯಾರೂ ಏನೂ ಮಾಡಲಾರರು. ಜಗಳದ ಬದಲು ಎರಡು ಎಫೆಕ್ಟ್‌ಗಳು ಸೇರಿ ನಿಮಗೆ ಅತಿಯಾದ ಬಲ ಕೊಡುತ್ತಿದ್ದರೆ ಅದನ್ನೂ ರಿಪೋರ್ಟ್ ಮಾಡಿ, ಬಳಸುವುದನ್ನು ನಿಲ್ಲಿಸಿ. ಗೊತ್ತಿದ್ದೂ ಬಗ್ ಬಳಸಿದ್ದಕ್ಕೆ ಅಕೌಂಟ್ ಕಳೆದುಕೊಂಡವರಿದ್ದಾರೆ, ಅಕೌಂಟ್ ಜೊತೆಗೆ ಆ ಕತ್ತಿಯೂ ಹೋಗುತ್ತದೆ ಅಲ್ವಾ.